ಹನ್ನೊಂದನೆಯ ಉಸಿರು

ಕಾಣದ್ದನ್ನು ಕಂಡೆವೆಂದೂ ಕೇಳದ್ದನ್ನು ಕೇಳಿದೆವೆಂದೂ ಹೇಳುವವರ ಮಾತನ್ನು ನಾನು ಎಪ್ಪತ್ತು ವರ್ಷಗಳ ಕಾಲ ನಗುತ್ತಲೇ ತಳ್ಳಿಹಾಕಿಕೊಂಡು ಬಂದವನು. ಈಗ ನಂಬತೊಡಗಿದ್ದೇನೆಂದು ಓದುಗರು ತಿಳಿಯಬಾರದು. ಮೂರು ವರ್ಷಗಳ ಹಿಂದೆ ದುಬೈಯಲ್ಲಿ, ಹಾಡುಹಗಲಿನಲ್ಲಿ, ನಾನೇ ಕೈಯಾರೆ ಮಾಡಿದ ಒಂದು ಕೆಲಸದಲ್ಲಿ ಎಣಿಕೆ ತಪ್ಪಿತು. ಅದು ಇಂದಿಗೂ ಸರಿಹೋಗಿಲ್ಲ. ನಡೆದದ್ದನ್ನು ನಡೆದಂತೆ ಬರೆಯುತ್ತೇನೆ; ಕಾರಣ ತಿಳಿದವರು ಹೇಳಬಹುದು.

ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟವನು. ದುಬೈಯ ಹಳೆಯ ಪೇಟೆ ದೇರಾದ ಒಂದು ಅಂಗಡಿಯಲ್ಲಿ ಟೇಪ್ ರೆಕಾರ್ಡರ್, ಆಂಪ್ಲಿಫೈಯರ್ ರಿಪೇರಿ ಮಾಡುತ್ತ ಮೂವತ್ತನಾಲ್ಕು ವರ್ಷ ಕಳೆದೆ. ಇಂಗ್ಲಿಷ್ ಓದಲು ಕಲಿತದ್ದು ಕ್ಯಾಸೆಟ್ಟುಗಳ ಹೊದಿಕೆಗಳಿಂದ. ರಿಪೇರಿಯಾದ ಯಂತ್ರವನ್ನು ಗಿರಾಕಿಯದೇ ಕ್ಯಾಸೆಟ್ ಹಾಕಿ ಪರೀಕ್ಷಿಸುವುದು ನಮ್ಮ ಅಂಗಡಿಯ ಪದ್ಧತಿ. ಹಾಗೆ ಒಂದು ದಿನ, ಒಬ್ಬ ಬ್ರಿಟಿಷ್ ಇಂಜಿನಿಯರ್ ಡೆಕ್ಕಿನೊಳಗೇ ಮರೆತು ಹೋಗಿದ್ದ ಕ್ಯಾಸೆಟ್ಟಿನಿಂದ ಇಂಗ್ಲೆಂಡಿನ ಚರ್ಚುಗಳ ಮೇಳಗಾಯನ ನನ್ನ ಕಿವಿಗೆ ಬಿತ್ತು. ವಾದ್ಯವಿಲ್ಲ, ತಾಳವಿಲ್ಲ, ನಾಲ್ಕು ಬೇರೆಬೇರೆ ಎತ್ತರಗಳ ದನಿಗಳು ಒಂದನ್ನೊಂದು ಹೊತ್ತುಕೊಂಡು ನಿಂತಿದ್ದವು. ನಾನು ಕ್ರೈಸ್ತನಲ್ಲ, ಮಾತಿನ ಅರ್ಥವೂ ಅಂದು ಆಗಲಿಲ್ಲ. ಆದರೆ ಮುಂದಿನ ಯಂತ್ರಕ್ಕೆ ಬೆಸುಗೆ ಹಾಕುತ್ತಿದ್ದ ಕೈ ಇದ್ದಲ್ಲೇ ನಿಂತು, ಅದರ ಬೋರ್ಡಿನ ಒಂದು ಮೂಲೆ ಸುಟ್ಟುಹೋಯಿತು. ಆಮೇಲೆ ಊರಿಗೆ ಮರಳುವ ಬ್ರಿಟಿಷರು ಬಿಟ್ಟುಹೋಗುತ್ತಿದ್ದ ಇಂಥ ರೆಕಾರ್ಡುಗಳನ್ನು ಕೇಳಿ ಪಡೆದು, ಇನ್ನೂರಕ್ಕೂ ಹೆಚ್ಚು ಕೂಡಿಹಾಕಿದೆ.

ಅಚ್ಚಾದದ್ದನ್ನೆಲ್ಲ ನಂಬುವ ಜಾಯಮಾನ ನನ್ನದಲ್ಲ. ಒಂದು ಚರ್ಚಿನ ಪ್ರತಿಧ್ವನಿ ಎಂಟು ಸೆಕೆಂಡು ನಿಲ್ಲುತ್ತದೆಂದು ಹೊದಿಕೆಯಲ್ಲಿ ಬರೆದಿತ್ತು. ಗಡಿಯಾರ ಹಿಡಿದು ನೋಡಿದರೆ ಐದೂವರೆ. ಎಲ್ಲಿಯೂ ನಿಲ್ಲಿಸದೆ ಹಾಡಿದ್ದೆಂದು ಹೇಳಿದ ಇನ್ನೊಂದರಲ್ಲಿ ಎರಡು ಕಡೆ ಟೇಪು ಕತ್ತರಿಸಿ ಅಂಟಿಸಿದ್ದು ಕೇಳಿಸಿತು. ಹೀಗೆ ಕಿವಿಯನ್ನು ಹರಿತಗೊಳಿಸಿಕೊಳ್ಳುತ್ತ ನಾನು ಉಸಿರನ್ನು ಎಣಿಸಲು ಕಲಿತೆ. ಮೇಳದಲ್ಲಿ ಒಂದೇ ದನಿಯವರೆಲ್ಲ ಒಟ್ಟಿಗೆ ಉಸಿರೆಳೆದರೆ ಹಾಡು ತುಂಡಾಗುತ್ತದೆ. ಆದ್ದರಿಂದ ಒಬ್ಬರು ಎಳೆದುಕೊಳ್ಳುವಾಗ ಉಳಿದವರು ಸ್ವರವನ್ನು ಹಿಡಿದಿರುತ್ತಾರೆ. ಯಾರು ಎಲ್ಲಿ ಎಂಬುದನ್ನು ಮೊದಲೇ ಹಂಚಿಕೊಂಡಿರುತ್ತಾರೆ. ಮೇಳ ಚಿಕ್ಕದಾಗಿದ್ದರೆ, ಒಳ್ಳೆಯ ಹೆಡ್‌ಫೋನ್ ಇದ್ದರೆ, ಆ ಉಸಿರುಗಳನ್ನು ಎಣಿಸಿ ಹಾಡಿದವರೆಷ್ಟು ಮಂದಿ ಎಂದು ಹೇಳಬಹುದು. ಇಪ್ಪತ್ತು ಜನ ಎಂದು ಅಚ್ಚಾಗಿದ್ದ ಒಂದು ಮೇಳದಲ್ಲಿ ನನಗೆ ಸಿಕ್ಕಿದ್ದು ಹದಿನೇಳು. ಕಂಪನಿಗೆ ಕಾಗದ ಬರೆದೆ. ಉತ್ತರ ಬರಲಿಲ್ಲ.

ನಿವೃತ್ತನಾದ ಮೇಲೆ ದುಬೈಯಲ್ಲೇ, ವಿಮಾನಗಳ ಹಾದಿಯ ಕೆಳಗಿರುವ ಮಿರ್ದಿಫ್ ಬಡಾವಣೆಯಲ್ಲಿ ಮಗಳ ಮನೆಯಲ್ಲಿ ಉಳಿದುಕೊಂಡೆ. ಎರಡು ಬೀದಿಗಳಾಚೆ ಮಾರ್ಗರೆಟ್ ಎಂಬ ಇಂಗ್ಲಿಷ್ ಸಂಗೀತ ಅಧ್ಯಾಪಕಿಯ ವಿಲ್ಲಾ. ಶನಿವಾರಗಳಂದು ಅಲ್ಲಿ ಹನ್ನೊಂದು ಮಂದಿ ಸೇರಿ ಹಾಡುತ್ತಿದ್ದರು. ನನ್ನನ್ನು ಅಲ್ಲಿಗೆ ಕರೆದೊಯ್ದವರು ಬೊನಿಫಾಸ್. ಮಂಗಳೂರಿನ ಕಡೆಯವರು, ವಿಮಾನ ನಿಲ್ದಾಣದ ಕಾರ್ಗೋ ವಿಭಾಗದಲ್ಲಿ ಗುಮಾಸ್ತರು. ತಮ್ಮ ಟೇಪ್ ರೆಕಾರ್ಡರ್ ರಿಪೇರಿಗೆ ತಂದ ದಿನದಿಂದ ಮೂವತ್ತು ವರ್ಷಗಳ ಪರಿಚಯ. ಮೇಳದ ಮೂವರು ಕೆಳದನಿಯ ಗಾಯಕರಲ್ಲಿ ಒಬ್ಬರು.

ಬೊನಿಫಾಸರ ದನಿ ಗಟ್ಟಿ; ಉಸಿರು ಮಾತ್ರ ತಪ್ಪು. ಅವರ ಊರಿನ ಇಗರ್ಜಿಯಲ್ಲಿ ಜನವೆಲ್ಲ ಚರಣದ ಕೊನೆಯ ಶಬ್ದವನ್ನು ಉದ್ದಕ್ಕೆ ಎಳೆದು ಹಾಡುವುದು ರೂಢಿ. ಅಷ್ಟು ಉದ್ದ ಎಳೆಯಲು ಗಾಳಿ ಬೇಕಲ್ಲ, ಆದ್ದರಿಂದ ಆ ಶಬ್ದಕ್ಕೆ ಮೊದಲು ಒಮ್ಮೆ ಉಸಿರು ತುಂಬಿಕೊಳ್ಳುತ್ತಾರೆ. ಇಂಗ್ಲಿಷ್ ಗಾಯನದಲ್ಲಿ ಅದು ಅಪರಾಧ; ಕೊನೆಯ ಶಬ್ದವನ್ನು ಹಿಂದಿನದರಿಂದ ಬೇರ್ಪಡಿಸಕೂಡದು. ಸಾಲದ್ದಕ್ಕೆ, ಎಂದೋ ವಾಲಿಬಾಲ್ ಆಟದಲ್ಲಿ ಮುರಿದ ಮೂಗಿನ ದೆಸೆಯಿಂದ ಅವರ ಉಸಿರು ನಡುವೆ ಒಮ್ಮೆ ಕಟ್ಟಿ, ಎರಡು ತುಂಡಾಗಿ ಒಳಗೆ ಹೋಗುತ್ತಿತ್ತು. ಇಂಗ್ಲಿಷ್ ಸಾಲುಗಳನ್ನು ಅವರು ಒಂದು ನೋಟ್‌ಪುಸ್ತಕದಲ್ಲಿ ಕನ್ನಡ ಲಿಪಿಯಲ್ಲಿ ಬರೆದುಕೊಳ್ಳುತ್ತಿದ್ದರು. ಉಸಿರೆಳೆಯಬಾರದ ಕಡೆ ಮಾರ್ಗರೆಟ್ ಅದರಲ್ಲಿ ಕೆಂಪು ಗೆರೆ ಎಳೆದರೂ ಫಲವಾಗಲಿಲ್ಲ. "ಮಿಸ್ಟರ್ ಬೊನಿಫಾಸ್, ಅಲ್ಲಿ ಚಹಾ ಹೀರುತ್ತಿದ್ದೀರಾ?" ಎಂದು ಆಕೆ ಕೇಳಿದರೆ ಮೇಳವೆಲ್ಲ ನಗುತ್ತಿತ್ತು, ಎಲ್ಲರಿಗಿಂತ ಜೋರಾಗಿ ಬೊನಿಫಾಸರೇ.

ಆ ವರ್ಷ ಮಾರ್ಗರೆಟ್ ಶಾಶ್ವತವಾಗಿ ಇಂಗ್ಲೆಂಡಿಗೆ ಮರಳುವವರಿದ್ದರು. ನೆನಪಿಗಾಗಿ ಮೂರು ಚರಣಗಳ ಒಂದು ಸಂಜೆಯ ಪ್ರಾರ್ಥನೆಯನ್ನು ಧ್ವನಿಮುದ್ರಿಸುವುದೆಂದು ಗೊತ್ತಾಯಿತು, ಕೆಲಸ ನನ್ನದು. ಏಪ್ರಿಲಿನಲ್ಲಿ ಒಂದು ಪ್ರಯೋಗದ ಮುದ್ರಣ ಮಾಡಿದೆವು. ಮೂರು ಚರಣಗಳ ಕೊನೆಯಲ್ಲೂ ಆ ಮುರುಕು ಉಸಿರು ಸ್ಪಷ್ಟವಾಗಿ ಬಂದಿತ್ತು. ಹದಗೆಟ್ಟ ಮುದ್ರಣವನ್ನು ಆಗಿಂದಾಗಲೇ ಅಳಿಸುವುದು ಅಂಗಡಿಯ ಕಾಲದಿಂದ ನನ್ನ ಕಟ್ಟುನಿಟ್ಟು; ಇಟ್ಟುಕೊಂಡರೆ ಮುಂದೆ ಒಳ್ಳೆಯದರ ಜೊತೆ ಬೆರೆಯುತ್ತದೆ.

"ಅಳಿಸಿ ಬಿಡಿ ಮಾರಾಯ್ರೆ," ಎಂದರು ಬೊನಿಫಾಸ್. "ನನ್ನ ಮೂಗಿನ ಶಬ್ದ ಲಂಡನ್‌ಗೆ ಹೋಗುದು ಬೇಡ."

ಅಳಿಸಿದೆ. ಹನ್ನೆರಡು ದಿನಗಳ ಬಳಿಕ ಬೊನಿಫಾಸ್ ಕೆಲಸದ ಮೇಜಿನ ಮುಂದೆಯೇ ಎದೆನೋವಿನಿಂದ ತೀರಿಕೊಂಡರು.

ಶವವನ್ನು ಊರಿಗೆ ಒಯ್ದು ಮಣ್ಣು ಮಾಡಿದ ಮೇಲೆ ಅವರ ಹೆಂಡತಿ ಹಿಲ್ಡಾಬಾಯಿ ದೇರಾದ ಫ್ಲಾಟನ್ನು ಖಾಲಿ ಮಾಡಲು ಹಿಂದಿರುಗಿದರು. ಗಂಡನ ವೀಸಾದ ಮೇಲೆ ಇದ್ದವರು, ಅದು ಮುಗಿಯಲು ಕೆಲವೇ ವಾರಗಳಿದ್ದವು. ನಾನು ನೋಡಲು ಹೋದಾಗ ಸಾಮಾನು ತುಂಬಿದ ರಟ್ಟಿನ ಪೆಟ್ಟಿಗೆಯೊಂದರ ಮೇಲೆ ಕುಳಿತಿದ್ದರು.

"ಅಣ್ಣಾ, ಅವರು ಹಾಡಿದ್ದು ನಿಮ್ಮ ಹತ್ರ ಉಂಟಲ್ವಾ? ಆ ದಿವಸ ರೆಕಾರ್ಡ್ ಮಾಡಿದ್ದು?"

ಮೊಬೈಲಿನಲ್ಲಿ ಏನೂ ಇಲ್ಲವೇ ಎಂದು ಕೇಳಿದೆ.

"ಮೊಬೈಲಲ್ಲಿ ಮಾತು ಉಂಟು. 'ಹಲೋ, ಕೇಳ್ತದಾ? ಬಂಗುಡೆ ತರ್ಬೇಕಾ?' ಅಂತ. ಅದು ಸಾಕಾಗುದಿಲ್ಲ ಅಣ್ಣಾ. ಹಾಡುವಾಗ ಅವರು ಬೇರೆಯೇ ಜನ. ನಂಗೆ ಆ ಜನ ಬೇಕು."

ಅಳಿಸಿದ್ದನ್ನು ಹೇಳಿದೆ. "ಪೂರ್ತಿಯಾ?" ಎಂದು ಕೇಳಿದರು. ಹೌದೆಂದೆ. ಬೈದಿದ್ದರೆ ಹಗುರವಾಗುತ್ತಿತ್ತು. "ನಿಮಗೆಂತ ಗೊತ್ತಿತ್ತು, ಪಾಪ" ಎಂದು ಎದ್ದು ಹೋಗಿ ನನಗೆ ಚಹಾ ಮಾಡಿ ತಂದರು. ಒಬ್ಬ ಮನುಷ್ಯನ ದನಿಯನ್ನು ಮೂಗಿನ ಶಬ್ದದ ನೆಪದಲ್ಲಿ ಲೋಕದಿಂದ ಅಳಿಸಿದವನು ನಾನು.

ಜೂನ್ ತಿಂಗಳ ಒಂದು ಶನಿವಾರ ಮಧ್ಯಾಹ್ನ ಉಳಿದ ಹತ್ತು ಮಂದಿ ಅದೇ ಹಾಡನ್ನು ಮುದ್ರಿಸಲು ಸೇರಿದರು. ಅಂದು ಬೆಳಿಗ್ಗೆಯಷ್ಟೇ ಮಾರ್ಗರೆಟ್ ಹಳೆಯ ಹಾಡುಪುಸ್ತಕವೊಂದರಿಂದ ನಾಲ್ಕನೆಯ ಚರಣವೊಂದನ್ನು ಹುಡುಕಿ ಸೇರಿಸಿದ್ದರು. ತೀರಿಹೋದವರ ಕುರಿತ ಚರಣ. ಮೇಳ ಅದನ್ನು ಕಲಿತದ್ದೇ ಅಲ್ಲಿ, ಆ ಗಂಟೆಯಲ್ಲಿ. ಮುದ್ರಣ ನಡೆಯುವಾಗ ಎ.ಸಿ.ಯ ಸದ್ದು ಬರಬಾರದೆಂದು ಅದನ್ನು ಆರಿಸುತ್ತೇವೆ. ಆ ಸೆಕೆಯಲ್ಲಿ ಏಳೆಂಟು ನಿಮಿಷಕ್ಕಿಂತ ಹೆಚ್ಚು ನಿಲ್ಲಲು ಯಾರಿಗೂ ಆಗದು. ಅಷ್ಟರೊಳಗೆ ಎರಡು ವಿಮಾನಗಳ ನಡುವಿನ ಬಿಡುವನ್ನೂ ಹಿಡಿಯಬೇಕು. ಮೂರನೆಯ ಪ್ರಯತ್ನ ಕೈಗೂಡಿತು. ನಾನು ಪಕ್ಕದ ಕೋಣೆಯಲ್ಲಿ, ಮುಚ್ಚಿದ ಬಾಗಿಲಿನ ಹಿಂದೆ, ಯಂತ್ರದ ಮುಳ್ಳನ್ನೇ ನೋಡುತ್ತ ಕುಳಿತಿದ್ದೆ. ವಿಶೇಷವೇನೂ ಕಿವಿಗೆ ಬೀಳಲಿಲ್ಲ.

ಮನೆಗೆ ಬಂದು ಹೆಡ್‌ಫೋನ್ ಹಾಕಿಕೊಂಡು ರೂಢಿಯಂತೆ ಉಸಿರು ಎಣಿಸಿದೆ. ಹನ್ನೊಂದು ಬಂತು.

ಮೊದಲಿಗೆ ನಕ್ಕೆ; ಮುದುಕನ ಕಿವಿ ಎಂದುಕೊಂಡೆ. ಮತ್ತೆ ಎಣಿಸಿದೆ. ಕೆಳದನಿಯವರು ಇಬ್ಬರೇ ಇದ್ದರು. ಅವರ ಕಡೆಯಿಂದ ಮೂರನೆಯ ಉಸಿರೊಂದು ಬರುತ್ತಿತ್ತು. ಪ್ರತಿ ಚರಣದ ಕೊನೆಯ ಶಬ್ದಕ್ಕೆ ಮೊದಲು. ನಡುವೆ ಕಟ್ಟಿ, ಎರಡು ತುಂಡಾಗಿ. ಅದರ ಹಿಂದೆ ಸ್ವರವಿರಲಿಲ್ಲ. ಹಾಡಲು ಹೊರಟ ಮನುಷ್ಯ ಎದೆ ತುಂಬಿಕೊಳ್ಳುತ್ತಾನೆ, ಮುಂದಕ್ಕೆ ಏನೂ ಇಲ್ಲ.

ಅಳಿಸಿದ ಹಳೆಯ ಮುದ್ರಣದ ಶೇಷವೇ ಇರಬೇಕೆಂದು ಊಹಿಸಿದೆ. ಹಾಗಿದ್ದರೆ ಏಪ್ರಿಲಿನಲ್ಲಿ ಇಲ್ಲದಿದ್ದ ನಾಲ್ಕನೆಯ ಚರಣದಲ್ಲಿ ಅದು ಹೇಗೆ ಬಂತು? ಕೆಳದನಿಯ ಇಬ್ಬರಲ್ಲಿ ಒಬ್ಬರು ಕೇರಳದವರು, ಇನ್ನೊಬ್ಬರು ಫಿಲಿಪಿನೋ. ಏನೋ ನೆಪ ಹೇಳಿ ಇಬ್ಬರನ್ನೂ ಬೇರೆಬೇರೆಯಾಗಿ ಹಾಡಿಸಿದೆ. ಯಾರೂ ಅಲ್ಲಿ ಉಸಿರೆಳೆಯಲಿಲ್ಲ, ಯಾರ ಮೂಗೂ ಕಟ್ಟಿರಲಿಲ್ಲ. ನನ್ನದೇ ಉಸಿರೆನ್ನಲು ನಾನು ಬಾಗಿಲಿನ ಆಚೆ ಇದ್ದೆ.

ಕೊನೆಗೆ ಅದನ್ನು ದೇರಾದ ನಮ್ಮ ಹಳೆಯ ಅಂಗಡಿಯ ಮಾಲೀಕರಾದ ಇಸ್ಮಾಯಿಲ್ ಸಾಹೇಬರ ಬಳಿಗೆ ಒಯ್ದೆ. ಭಟ್ಕಳದವರು, ಸ್ಪೀಕರಿನ ದೋಷವನ್ನು ಕದದಾಚೆಯಿಂದ ಹೇಳಬಲ್ಲ ಕಿವಿ. ನಾನು ಏನನ್ನೂ ಸೂಚಿಸಲಿಲ್ಲ. ಪೂರ್ತಿ ಕೇಳಿ ಹೆಡ್‌ಫೋನ್ ಕೆಳಗಿಟ್ಟರು.

"ಚೆನ್ನಾಗಿದೆ ಮೇಸ್ತ್ರಿ. ಆದ್ರೆ ಆ ಮೂಗು ಕಟ್ಟಿದ ಮನುಷ್ಯನ್ನ ಯಾಕೆ ನಿಲ್ಲಿಸಿದ್ರಿ? ಹಾಡೋದೂ ಇಲ್ಲ, ಸುಮ್ನೆ ನಿಂತು ಉಸಿರು ಎಳೀತಾನೆ!"

ಯಾರೆಂದು ಹೇಳಿದೆ. ಸಾಹೇಬರು ಹೆಡ್‌ಫೋನ್ ಎತ್ತಿಕೊಂಡು ಮತ್ತೊಮ್ಮೆ ಕೇಳಿದರು. ಆಮೇಲೆ, "ಕತ್ತರಿಸಿ ತೆಗಿರಿ, ಖಲಾಸ್. ಎರಡು ನಿಮಿಷದ ಕೆಲಸ" ಎಂದರು. ಅದು ನಿಜ. ಉಸಿರನ್ನು ಕತ್ತರಿಸಿ ತೆಗೆಯುವುದು ಈ ಕಸುಬಿನಲ್ಲಿ ದಿನನಿತ್ಯದ ಸಂಗತಿ. ಕಂಪ್ಯೂಟರಿನ ಮುಂದೆ ಕುಳಿತು ಮೊದಲ ಉಸಿರಿಗೆ ಗುರುತು ಹಾಕಿಯೂ ಬಿಟ್ಟೆ. ಒಮ್ಮೆ ಅಳಿಸಿದ್ದ ಕೈ ಎರಡನೆಯ ಬಾರಿ ಮುಂದಾಗಲಿಲ್ಲ.

ಹಿಲ್ಡಾಬಾಯಿ ಊರಿಗೆ ಹೊರಡುವ ಮುನ್ನಾದಿನ ವಿದಾಯ ಹೇಳಲು ಮಿರ್ದಿಫ್‌ಗೆ ಬಂದರು. ಹೊಸ ಮುದ್ರಣದ ಪ್ರತಿಯೊಂದನ್ನು ಅವರಿಗೂ ಕೊಡುವುದೆಂದು ಮೇಳದವರು ನಿಶ್ಚಯಿಸಿದ್ದರು. ಆ ಉಸಿರಿನ ಸಂಗತಿಯನ್ನು ಹೇಳಿದರೆ, ಅಳಿಸಿದ ತಪ್ಪನ್ನು ಮುಚ್ಚಲು ಮುದುಕ ಕಥೆ ಕಟ್ಟಿದನೆಂದು ತೋರಬಹುದು; ಹೇಳದಿದ್ದರೆ, ಅವರಿಗೆ ಸೇರಿದ್ದನ್ನು ನಾನೇ ಬಚ್ಚಿಟ್ಟಂತೆ. ಏನೂ ಹೇಳದೆ ಹೆಡ್‌ಫೋನ್ ಕೊಟ್ಟೆ. ಕೇಳಿಸಿದರೆ ಅವರಿಗೇ ಕೇಳಿಸಲಿ ಎಂದುಕೊಂಡೆ.

ಮೊದಲ ಚರಣ ಮುಗಿಯುವ ಮುನ್ನವೇ ಅವರ ಕೈ ಬಾಯಿಗೆ ಹೋಯಿತು. ಕೊನೆಯ ತನಕ ಕಣ್ಣು ಮುಚ್ಚಿಕೊಂಡೇ ಕೇಳಿದರು. ಆಮೇಲೆ ನನ್ನನ್ನು ನೋಡಿದ ನೋಟದಲ್ಲಿ ಸಿಟ್ಟೂ ಇತ್ತು, ನಗುವೂ ಇತ್ತು.

"ಅಳಿಸಿದ್ದೇನೆ ಅಂತ ಯಾಕೆ ಹೇಳಿದ್ದು ಅಣ್ಣಾ? ನಾನು ಅಳ್ತೇನೆ ಅಂತಲಾ? ನೀವು ಸಹ ಸುಳ್ಳು ಹೇಳ್ತೀರಾ!"

"ಬಾಯಮ್ಮಾ, ಅದು ಬರೀ ಉಸಿರು—" ಎಂದು ಆರಂಭಿಸಿದೆ.

"ಎಂತ ಉಸಿರು? ಹಾಡ್ತಾ ಇದ್ದಾರಲ್ಲ, ಎಲ್ಲರ ಅಡಿಯಲ್ಲಿ. ಮೂವತ್ತೊಂದು ವರ್ಷ ಕೇಳಿದ ಸ್ವರ, ನಂಗೆ ಗೊತ್ತಾಗುದಿಲ್ವಾ?"

ಅದು ಏಪ್ರಿಲಿನ ಮುದ್ರಣವೆಂದೇ ಅವರು ತಿಳಿದಿದ್ದರು. ಇದನ್ನು ಮುದ್ರಿಸುವಾಗ ನಿಮ್ಮ ಗಂಡ ಈ ಭೂಮಿಯ ಮೇಲೆ ಇರಲಿಲ್ಲ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂತು. ಜೀವಮಾನವಿಡೀ ಪರರ ಸುಳ್ಳುಗಳನ್ನು ಹುಡುಕಿ ತೆಗೆದ ನಾನು ಅಂದು ಬಾಯಿ ಮುಚ್ಚಿಕೊಂಡು, ಹಾಡನ್ನು ಪೆನ್‌ಡ್ರೈವಿಗೆ ಹಾಕಿ ಕೊಟ್ಟೆ. ಅದನ್ನು ಕರವಸ್ತ್ರದಲ್ಲಿ ಸುತ್ತಿ, ಪಾಸ್‌ಪೋರ್ಟಿನ ಜೊತೆ ಕೈಚೀಲದಲ್ಲಿಟ್ಟುಕೊಂಡು ಹೋದರು.

ಅವರು ಹೋದ ಮೇಲೆ ನಾನು ಎಷ್ಟೋ ಸಲ ಕೇಳಿದ್ದೇನೆ. ಮೇಲಿನ ದನಿಗಳನ್ನೆಲ್ಲ ತಗ್ಗಿಸಿ, ಕೆಳದನಿಯನ್ನಷ್ಟೇ ಎತ್ತರಿಸಿ ಕೇಳಿದ್ದೇನೆ. ಇಬ್ಬರ ಸ್ವರ, ಮೂವರ ಉಸಿರು. ನನಗೆ ಸಿಕ್ಕುವುದು ಅಷ್ಟೇ. ಅವರಿಗೆ ಕೇಳಿದ್ದು ನನಗೆ ಕೇಳಿಸಿಲ್ಲ. ನನಗೆ ಕೇಳಿದ್ದಕ್ಕೆ ಕಾರಣ ತಿಳಿದಿಲ್ಲ. ನಮ್ಮಿಬ್ಬರಲ್ಲಿ ಯಾರ ಕಿವಿಯನ್ನು ನಂಬಬೇಕೆಂದು ನಿರ್ಣಯಿಸುವ ಧೈರ್ಯ ನನಗಿಲ್ಲ.

ಇದನ್ನು ಈಗ ಬರೆಯಲು ಕಾರಣ, ಕಳೆದ ವಾರ ಮಂಗಳೂರಿನಿಂದ ಹಿಲ್ಡಾಬಾಯಿ ಕಳಿಸಿದ ಸಂದೇಶ. ಕಪಾಟು ಶುಚಿಮಾಡುವಾಗ ಗಂಡನ ನೋಟ್‌ಪುಸ್ತಕ ಸಿಕ್ಕಿತಂತೆ. ಹಾಡು ಹಾಕಿಕೊಂಡು ಸಾಲಿನ ಮೇಲೆ ಬೆರಳಿಟ್ಟು ಜೊತೆಗೆ ಓದಿದರಂತೆ.

"ಪುಸ್ತಕದಲ್ಲಿ ಮೂರೇ ಚರಣ ಉಂಟು. ಇನ್ನೊಂದನ್ನು ಅವರು ಮನೆಯಲ್ಲಿ ಒಮ್ಮೆ ಸಹ ಹಾಡಿದ್ದು ನಾನು ಕೇಳಿಲ್ಲ. ಅದನ್ನು ಅವರು ಯಾವಾಗ ಕಲಿತದ್ದು ಅಣ್ಣಾ?"