ಒಂದು ಲೀಟರಿಗೆ ಎಷ್ಟು ದೂರ

ಎರಡು ಸಲ ಸೋಪು ಹಚ್ಚಿ ತೊಳೆದರೂ ಅಂಗೈಗೆ ಅಂಟಿದ ಪೆಟ್ರೋಲಿನ ವಾಸನೆ ಹೋಗಿಲ್ಲ. ಲೋಟ ಎತ್ತಿದರೆ ಚಹಾಕ್ಕೂ ಅದೇ ವಾಸನೆ. ಬಂಕಿನಲ್ಲಿ ಟ್ಯಾಂಕಿನ ಮುಚ್ಚಳ ನಾನೇ ತೆಗೆಯಬೇಕೆಂಬ ಹಟಕ್ಕೆ ಇದು ದಂಡ. ಈ ವಾಸನೆಗೆ ಎಷ್ಟೋ ಜನರಿಗೆ ತಲೆ ನೋಯುತ್ತದಂತೆ. ನನಗೆ ಎದೆ ಹಗುರಾಗುತ್ತದೆ. ಯಾಕೆಂದು ಹೇಳುತ್ತೇನೆ, ನಿಮ್ಮ ಚಹಾ ಆರುವುದರೊಳಗೆ ಮುಗಿಯುವ ಕತೆ.

ಮೊದಲೇ ಹೇಳಿಬಿಡುವುದು ಒಳ್ಳೆಯದು, ಗಣಿತಕ್ಕೂ ನನಗೂ ಎಣ್ಣೆ ಸೀಗೇಕಾಯಿ. ಬ್ಯಾಡಗಿಯ ಹೈಸ್ಕೂಲಿನಲ್ಲಿ ‘ಎಂಟು ಆಳು ಆರು ದಿನಕ್ಕೆ ಕಟ್ಟುವ ಗೋಡೆಯನ್ನು ನಾಲ್ಕು ಆಳು ಎಷ್ಟು ದಿನಕ್ಕೆ ಕಟ್ಟುತ್ತಾರೆ’ ಎಂದು ಕೇಳಿದರೆ, ಉಳಿದ ನಾಲ್ವರು ಯಾಕೆ ಬಿಟ್ಟು ಹೋದರು, ಏನು ಜಗಳವಾಯಿತು ಎಂದೇ ನನ್ನ ತಲೆ ಓಡುತ್ತಿತ್ತು. ಮೆಣಸಿನಕಾಯಿ ಹಂಗಾಮಿನಲ್ಲಿ ಕ್ಲಾಸಿಗೆ ಕ್ಲಾಸೇ ಸೀನುತ್ತಿತ್ತು. ಆ ಸೀನಿನ ನಡುವೆಯೇ ಗಣಿತದ ಅಕ್ಕೋರು ನನ್ನ ಬೆಂಚಿನ ಹತ್ತಿರ ನಿಂತು ಹೇಳುತ್ತಿದ್ದರು: “ಮೊದ್ಲ ಒಂದಕ್ಕ ಎಷ್ಟು ಅಂತ ಕಂಡ ಹಿಡಿಯವಾ. ಒಂದು ಕೈಗೆ ಸಿಕ್ತಂದ್ರ ನೂರು ಏನೂ ಮಾಡೂದಿಲ್ಲ.” ನನ್ನ ಕೈಗೆ ಆ ಒಂದು ಸಿಗಲಿಲ್ಲ. ಎಸ್ಸೆಸ್ಸೆಲ್ಸಿ ಗಣಿತ ಎರಡನೇ ಏಟಿಗೆ ಪಾಸಾಯಿತು. ಪೇಪರು ತಿದ್ದಿದ ಪುಣ್ಯಾತ್ಮರು ಯಾರೋ, ಅವರ ಹೊಟ್ಟೆ ತಣ್ಣಗಿರಲಿ.

ಮದುವೆಯಾಗಿ ರಾಣೆಬೆನ್ನೂರಿಗೆ ಬಂದ ಮೇಲೆ ಮನೆಯ ಲೆಕ್ಕವೆಲ್ಲ ನಮ್ಮನೆಯವರದಾಯಿತು. ಬೀಜದ ಕಂಪನಿಯ ಕೆಲಸ, ಊರೂರು ತಿರುಗಾಟ. ನಮ್ಮ ಹಳೆಯ ಕಾರಿನ ಪೆಟ್ರೋಲ್ ಮುಳ್ಳು ಅರ್ಧಕ್ಕೆ ಬಂದು ಸತ್ತಿತ್ತು. ಟ್ಯಾಂಕು ತುಂಬಿದ್ದರೂ ಅರ್ಧ, ಖಾಲಿಯಿದ್ದರೂ ಅರ್ಧ. ಆದರೂ ಇವರು ಕಣ್ಣು ಕಿರಿದು ಮಾಡಿ, ಸ್ಟೇರಿಂಗಿನ ಮೇಲೆ ಬೆರಳಿನಿಂದ ತಾಳ ಹಾಕಿ, “ಹೂಂ, ಸಾಕು” ಎನ್ನುತ್ತಿದ್ದರು. ಕಾರು ಯಾವತ್ತೂ ದಾರಿಯಲ್ಲಿ ನಿಲ್ಲಲಿಲ್ಲ. ಆ ತಲೆಯೊಳಗೆ ಎಂಥ ಗಣಿತ ನಡೆಯುತ್ತದೋ ಎಂದು ನಾನು ಪಕ್ಕದಲ್ಲಿ ಕೂತು ಬೆರಗಾಗುತ್ತಿದ್ದೆ.

ಕೆಲವು ವರ್ಷಗಳ ಹಿಂದೆ, ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದವರು ಬ್ರಷ್ ಹಿಡಿದೇ ಹೊರಗೆ ಬಂದರು. “ಬಲಗಣ್ಣಾಗ ಕರೀ ದಾರ ಜೋತು ಬಿದ್ದಂಗ ಆಗೈತಿ ನೋಡು.” ಸಕ್ಕರೆ ಕಾಯಿಲೆ ಕಣ್ಣಿನೊಳಗೆ ರಕ್ತ ಸೋರಿಸಿತ್ತು. ಹುಬ್ಬಳ್ಳಿಯ ಡಾಕ್ಟರು ಇಂಜೆಕ್ಷನ್ ಕೊಟ್ಟು, ತಿಂಗಳು ಬಿಟ್ಟು ಬರಲು ಹೇಳಿದರು. ರಕ್ತ ಇಂಗಿದ್ದರೆ ಸರಿ. ಇಲ್ಲದಿದ್ದರೆ ಆಪರೇಷನ್, ಅದಾದ ಮೇಲೂ ಕಣ್ಣು ಎಷ್ಟು ಉಳಿಯುತ್ತದೋ ಹೇಳಲಾಗದು. ಅಲ್ಲಿಯವರೆಗೆ ಕಾರು ಮುಟ್ಟುವಂತಿಲ್ಲ.

ಬಸ್ಸಿನ ನೂಕುನುಗ್ಗಲು ಆ ಕಣ್ಣಿಗೆ ಬೇಡವಾಗಿತ್ತು. ಬಾಡಿಗೆ ಕಾರು ಮಾಡಿದರೆ ಆಸ್ಪತ್ರೆಯ ದುಡ್ಡು ದಾರಿಯಲ್ಲೇ ಕರಗುತ್ತಿತ್ತು. ನನ್ನ ಲೈಸೆನ್ಸು ಕಪಾಟಿನಲ್ಲಿ ಸೀರೆಗಳ ಕೆಳಗೆ ಮಲಗಿತ್ತು. “ನಾನ ಓಡಸ್ತೀನ್ರಿ” ಎಂದೆ. ಪೆಟ್ರೋಲ್ ಎಷ್ಟು ಬೇಕೆಂದು ಕೇಳಿದರೆ, “ಒಂದ್ಸಾವಿರದ್ದು ಹಾಕಸು, ನೋಡೂಣು” ಎಂದರು. ಆ ‘ನೋಡೂಣು’ ನನಗೆ ಸಾಲಲಿಲ್ಲ. ಒಂದು ಕಣ್ಣಿನ ಗಂಡನನ್ನು ಕೂರಿಸಿಕೊಂಡು ಹೈವೇಯಲ್ಲಿ ನಿಂತರೆ ಏನು ಗತಿ?

ಅಕ್ಕೋರ ಮಾತು ನೆನಪಾದದ್ದು ಆಗಲೇ. ಒಂದಕ್ಕೆ ಎಷ್ಟು? ಕೈ ಪಳಗಿಸಲು ಓಣಿ ಓಣಿ ಸುತ್ತಿದ ಕಾರು ಕಡೆಗೊಮ್ಮೆ ಊರಂಚಿನಲ್ಲಿ ಪೆಟ್ರೋಲ್ ತೀರಿ ನಿಂತಿತು. ನನಗೆ ಬೇಕಾದದ್ದೂ ಅದೇ. ಜೊತೆಗೆ ತಂದಿದ್ದ ಕ್ಯಾನಿನಿಂದ ಸರಿಯಾಗಿ ಒಂದು ಲೀಟರ್ ಅಳೆದು ಸುರಿದೆ. ಇವರು ಪಕ್ಕದಲ್ಲೇ ಕೂತಿದ್ದರು, ಹಾಗೇ ಮೇಡ್ಲೇರಿ ರಸ್ತೆ ಹಿಡಿದೆ.

“ಎಲ್ಲೀತನಾ?” ಎಂದರು.

“ನಿಲ್ಲೂತನಾ.”

“ಹುಚ್ಚೀನ ನೀನು?”

ಎಮ್ಮೆಗಳಿಗೆ ಹಾರ್ನ್ ಹೊಡೆದೆ. ಅವು ಸರಿಯಲಿಲ್ಲ, ನಾನೇ ಸರಿದೆ. ಗದ್ದೆಯಲ್ಲಿ ಕೆಲಸ ಮಾಡುತ್ತಿದ್ದ ಹೆಣ್ಣುಮಕ್ಕಳ ಎದುರಿಗೆ ಕಾರು ಕೆಮ್ಮಿ ಕೆಮ್ಮಿ ನಿಂತಾಗ ಹದಿನೈದು ಕಿಲೋಮೀಟರು ಆಗಿತ್ತು. “ಏನಾತ್ರೀ ಯಕ್ಕಾ, ಕೆಟ್ತೇನು?” ಎಂದು ಒಬ್ಬಳು ಕೂಗಿದಳು. “ಇಲ್ಲವಾ, ಸರಿ ಹೋತು!” ಎಂದು ನಾನು ಕುಣಿಯುವುದೊಂದು ಬಾಕಿ. ಒಂದು ಸಿಕ್ಕಿತ್ತು. ಕ್ಯಾನಿನಲ್ಲಿ ಉಳಿದದ್ದನ್ನು ಸುರಿದು ಮನೆಗೆ ಬಂದೆವು.

ಮುಂದಿನದು ಸಲೀಸು. ಹುಬ್ಬಳ್ಳಿಗೆ ಹೋಗಿ ಬಂದು, ಊರೊಳಗಿನ ಸುತ್ತಾಟವೂ ಸೇರಿ ಇನ್ನೂರ ನಲವತ್ತು ಕಿಲೋಮೀಟರು. ಹದಿನೈದರಿಂದ ಭಾಗಿಸಿದರೆ ಹದಿನಾರು ಲೀಟರ್. ಹೆದರಿಕೆಗೆಂದು ಎರಡು ಲೀಟರ್ ಮೇಲೆ. ಲೀಟರಿಗೆ ನೂರರ ಮೇಲೆ ಚೂರು; ಹದಿನೆಂಟುನೂರು ಚಿಲ್ಲರೆಯಲ್ಲಿ ಲೆಕ್ಕ ಮುಗಿಯಿತು, ಆಸ್ಪತ್ರೆಯ ದುಡ್ಡಿಗೆ ಕೈ ಹಾಕಲಿಲ್ಲ. ನಾಲ್ಕು ಸಲ ಗುಣಿಸಿ ನೋಡಿದೆ. ನಾಲ್ಕು ಸಲವೂ ಅದೇ ಉತ್ತರ ಬಂದದ್ದು ನನ್ನ ಜೀವನದಲ್ಲಿ ಅದೇ ಮೊದಲು.

ಹಾವೇರಿ ದಾಟಿದ ಮೇಲೆ ಲಾರಿಗಳು ಪಕ್ಕದಲ್ಲೇ ಗುಡುಗಿ ಹೋಗುತ್ತಿದ್ದವು. ಇವರು ಕಿಟಕಿಯ ಗಾಜು ಏರಿಸಿದರು. ಆಮೇಲೆ ಮೆಲ್ಲಗೆ, “ಖರೇ ಒಂದ್ ಮಾತು ಹೇಳ್ಲಿ?” ಎಂದರು.

“ಹೇಳ್ರಿ.”

“ನಾ ಯಾವತ್ತೂ ಲೆಕ್ಕ ಹಾಕಿದಾಂವ ಅಲ್ಲ. ಐದನೂರರದ್ದು ಹಾಕಸ್ತಿದ್ದೆ, ದೇವರ ಹೆಸರು ತಗೊಂತಿದ್ದೆ.”

“ಮತ್ತ ಆ ಬೆರಳು ಕುಣಸೂದು?”

“ನೀ ಬಾಜೂಕ ಕುಂತು ಹೆದರಬಾರದು ಅಂತ.”

ನನಗೆ ಎಂಥ ನಗು ಬಂತೆಂದರೆ, ಕಾರು ಬದಿಗೆ ನಿಲ್ಲಿಸಬೇಕಾಯಿತು. ಅವರೂ ನಕ್ಕರು. ನಗುತ್ತ ನಗುತ್ತ ಅವರ ದನಿ ಒಡೆಯಿತು. “ಇವತ್ತು ಮಾತ್ರ ಆ ದೇವರು ಏನ್ ಮಾಡ್ತಾನೋ” ಎಂದರು. ಅವರ ಕೈ ಹಿಡಿದು ಸ್ವಲ್ಪ ಹೊತ್ತು ಕೂತೆ. ಈ ಲೆಕ್ಕ ನನಗೆ ಬಿಡಿಸಲು ಬರುವಂಥದ್ದಲ್ಲ. ಮತ್ತೆ ಗೇರು ಹಾಕಿದೆ.

ಆಸ್ಪತ್ರೆಯಲ್ಲಿ ಡಾಕ್ಟರು ಕಣ್ಣಿಗೆ ಔಷಧಿ ಬಿಟ್ಟು, ಬೆಳಕು ಹಾಕಿ, ಮತ್ತೆ ಮತ್ತೆ ತಿರುಗಿಸಿ ನೋಡಿದರು. “ರಕ್ತ ಚಲೋ ಇಂಗೈತ್ರಿ. ಆಪರೇಷನ್ ಏನೂ ಬ್ಯಾಡ. ಸಕ್ಕರಿ ಮಾತ್ರ ಹಿಡತದಾಗ ಇಟ್ಕೋರಿ.” ಹೊರಗೆ ಬಂದು ಇಬ್ಬರೂ ಮೆಟ್ಟಿಲ ಮೇಲೆ ಕೂತುಬಿಟ್ಟೆವು. ಹೋಗಿ ಬರುವವರು ನಮ್ಮನ್ನು ದಾಟಿಕೊಂಡು ಹೋಗುತ್ತಿದ್ದರು.

ಮರಳಿ ಬರುವಾಗ ಮೋಟೆಬೆನ್ನೂರಿನ ಹತ್ತಿರ ನಾನು ಹೈವೇ ಬಿಟ್ಟು ಬ್ಯಾಡಗಿಯ ಕಡೆ ತಿರುಗಿಸಿದೆ.

“ಎಲ್ಲಿ ಹೊಂಟಿ? ಪೆಟ್ರೋಲ್?”

“ಸುತ್ತಿ ಹೋದ್ರ ಹದಿನೈದು ಕಿಲೋಮೀಟರ್ ಹೆಚ್ಚು, ಒಂದು ಲೀಟರ್. ಹೆದರಿಕಿಗೆ ಇಟ್ಟದ್ದು ಎರಡು ಹಂಗ ಅದಾವು. ಇನ್ನ ಹೆದರಿಕಿ ಎಲ್ಲೈತ್ರಿ?”

ಊರ ಹೊರಗಿನ ಬಯಲಿನಲ್ಲಿ ಮೆಣಸಿನಕಾಯಿ ಒಣಹಾಕಿದ್ದರು. ಇಬ್ಬರೂ ಸೀನುತ್ತಲೇ ಇಳಿದೆವು. ಇವರು ಕಪ್ಪು ಕನ್ನಡಕ ತೆಗೆದು, ಎಡಗಣ್ಣನ್ನು ಅಂಗೈಯಿಂದ ಮುಚ್ಚಿ, ಬಲಗಣ್ಣೊಂದರಿಂದಲೇ ನೋಡಿದರು. ನೀರು ಸುರಿಯುತ್ತಿದ್ದರೂ ಕೈ ತೆಗೆಯಲಿಲ್ಲ. “ಮಸಕು ಮಸಕು ಐತಿ. ಆದ್ರ ಕೆಂಪು ಐತಿ, ಎಲ್ಲಾ ಕೆಂಪು” ಎಂದರು.

ಈಗ ಆ ಕಣ್ಣು ಚೆನ್ನಾಗಿದೆ. ಡಾಕ್ಟರು ಕಾರು ಓಡಿಸಲೂ ಒಪ್ಪಿಗೆ ಕೊಟ್ಟಿದ್ದಾರೆ. ನಾಳೆ ಬೆಳಿಗ್ಗೆ ಗೋಕರ್ಣಕ್ಕೆ, ಸಮುದ್ರ ನೋಡಲು ಹೊರಟಿದ್ದೇವೆ; ಎಷ್ಟು ಲೀಟರ್ ಎಂದು ನನ್ನ ಕೇಳಬೇಡಿ, ಹೇಳಲು ಕೂತರೆ ನಿಲ್ಲಿಸುವವಳಲ್ಲ ನಾನು. ಈಗಷ್ಟೇ ಕೀಲಿಯನ್ನು ಅವರ ಮುಂದೆ ಹಿಡಿದು, “ಘಟ್ಟದ ರಸ್ತಾ, ನೀವ ಓಡಸ್ರಿ” ಎಂದೆ. ಅವರು ಅದನ್ನು ನನ್ನ ಕಡೆಗೇ ಸರಿಸಿದರು.

“ಓಡಸಾಂವಗ ರಸ್ತಾ ಅಷ್ಟ ಕಾಣ್ತೈತಿ. ನೀ ಓಡಸು, ನಾ ಎಲ್ಲಾ ನೋಡ್ಕೋತ ಬರ್ತೀನಿ.”