ಹುಸೇನಪ್ಪನವರ ಬಿಳಿ ಬಟ್ಟಲು

ಹುಸೇನಪ್ಪನವರ ಖಾಕಿ ಕೋಟಿನ ಬಲಜೇಬು ಬಣ್ಣ ಬಿಟ್ಟು ಬೆಳ್ಳಗಾಗಿತ್ತು. ಎಡಜೇಬಿನ ಮೇಲೆ ಕಡುನೀಲಿ ಕಲೆಗಳಿದ್ದವು. ಬಲಗಡೆ ಬಾವಿಗೆ ಹಾಕುವ ಬ್ಲೀಚಿಂಗ್ ಪುಡಿಯ ಡಬ್ಬಿ. ಎಡಗಡೆ ನೀರು ಪರೀಕ್ಷಿಸುವ ಔಷಧಿಯ ಸೀಸೆ ಮತ್ತು ಒಂದು ಬಿಳಿ ಪಿಂಗಾಣಿ ಬಟ್ಟಲು. ಮುನಿಸಿಪಾಲಿಟಿಯವರು ಅವರಿಗೆ ಏನು ಹುದ್ದೆ ಕೊಟ್ಟಿದ್ದರೋ, ಆದೋನಿಯ ಜನಕ್ಕೆ ಮಾತ್ರ ಅವರು ಪುಡಿ ಹುಸೇನಪ್ಪ. ಅವರು ಓಣಿಯ ತಿರುವಿನಲ್ಲಿರುವಾಗಲೇ ಪುಡಿಯ ವಾಸನೆ ನಮ್ಮ ಹಿತ್ತಲು ಸೇರಿರುತ್ತಿತ್ತು.

ನಾನು ಪತ್ತಿಕೊಂಡದಿಂದ ಈ ಅರಳೆ ವ್ಯಾಪಾರಿಗಳ ಮನೆಗೆ ಸೊಸೆಯಾಗಿ ಬಂದವಳು. ಅತ್ತೆ ಶಿವಪೂಜೆಯಾಗದೆ ಹನಿ ನೀರು ಕುಡಿಯದವರು. ಹುಸೇನಪ್ಪನವರು ನಮ್ಮ ಬಾವಿಕಟ್ಟೆ ಹತ್ತುವಂತಿರಲಿಲ್ಲ. ಹಿತ್ತಲ ಬಾಗಿಲಲ್ಲಿ ನಿಂತು ಅವರು ಹೇಳುವರು, ನಾನು ಮಾಡುವೆ. ಹಗ್ಗಕ್ಕೆ ಕಲ್ಲು ಕಟ್ಟಿ ಬಾವಿಗೆ ಬಿಟ್ಟು, ಒದ್ದೆಯಾದಷ್ಟನ್ನು ಮೊಳ ಹಾಕಿ ಹೇಳಬೇಕು. ಅದಕ್ಕೆ ತಕ್ಕಷ್ಟು ಪುಡಿ ಅಳೆದು, ನನ್ನ ಮೊಳ ಗಿಡ್ಡವೆಂದು ನಗುತ್ತ ಒಂದಿಷ್ಟನ್ನು ಮತ್ತೆ ಡಬ್ಬಿಗೆ ಸುರಿದುಕೊಳ್ಳುವರು. ಪುಡಿಯನ್ನು ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿನೀರನ್ನಷ್ಟೇ ಬಾವಿಗೆ ಬಿಡಬೇಕು. ಒಂದು ತಾಸಿನ ನಂತರ ಬಟ್ಟಲಿಗೆ ಬಾವಿಯ ನೀರು ಹಾಕಿಸಿಕೊಂಡು, ಸೀಸೆಯಿಂದ ಎರಡು ಹನಿ ಬಿಡುವರು. ನೀಲಿ ಬಂದರೆ ಔಷಧಿ ನೀರಿನಲ್ಲಿದೆ, ಕುಡಿಯಬಹುದು. ಬಿಳಿಯಾಗಿಯೇ ಉಳಿದರೆ ಕುಡಿಯಬಾರದು.

“ಬಾಯಿ ಸುಳ್ಳು ಹೇಳ್ತೈತಿ ಅಮ್ಮಾರ, ಬಟ್ಟಲ ಹೇಳಂಗಿಲ್ಲ,” ಎನ್ನುತ್ತಿದ್ದರು.

ಆ ವಿಷಯದಲ್ಲಿ ಅವರಿಗೆ ದಾಕ್ಷಿಣ್ಯವಿರಲಿಲ್ಲ. ನಮ್ಮ ಓಣಿಯ ದೊಡ್ಡ ಸಾಹುಕಾರರೊಬ್ಬರು ತಮ್ಮ ಬಾವಿಗೆ ಪುಡಿ ಹಾಕಿ ಆಗಿದೆಯೆಂದು ಜಬರಿಸಿದಾಗ, ಬೆಳ್ಳಗೇ ಉಳಿದ ಬಟ್ಟಲನ್ನು ಅವರದೇ ಅಂಗಡಿಯ ಗಿರಾಕಿಗಳಿಗೆಲ್ಲ ತೋರಿಸಿ ಬಂದ ಮಹಾನುಭಾವರು. ಸಾಹುಕಾರರು ತಿಂಗಳುಗಟ್ಟಲೆ ಅವರ ಮುಖ ನೋಡಲಿಲ್ಲ. ಅದಕ್ಕೆ ಇವರು ತಲೆ ಕೆಡಿಸಿಕೊಳ್ಳಲೂ ಇಲ್ಲ.

ನಮ್ಮ ತಾಲೂಕು ಆಂಧ್ರಕ್ಕೆ ಸೇರಿದ ಹೊಸತು. ಆ ಬೇಸಿಗೆಯಲ್ಲಿ ಓಣಿಗೆ ವಾಂತಿಭೇದಿ ಬಂತು. ಹುಸೇನಪ್ಪನವರು ದಿನ ಬಿಟ್ಟು ದಿನ ಪುಡಿ ಹಾಕಿಸತೊಡಗಿದರು. ವಾಸನೆಯ ನೀರು ಲಿಂಗಕ್ಕೆ ಎರೆಯಲು ಬರುವುದಿಲ್ಲವೆಂದು ಅತ್ತೆ ಪುಡಿ ಬೀಳುವ ಮೊದಲೇ ಒಂದು ತಾಮ್ರದ ಹಂಡೆ ತುಂಬಿಸಿ ಪೂಜೆಯ ಕೋಣೆಯಲ್ಲಿ ಇಟ್ಟುಕೊಂಡಿದ್ದರು. ದಿನಾ ಅದರಿಂದಲೇ ಪೂಜೆ. ಪೂಜೆ ಮುಗಿಯುವುದನ್ನೇ ಕಾದಿದ್ದು ತೀರ್ಥಕ್ಕೆ ಮೊದಲು ಕೈಯೊಡ್ಡುತ್ತಿದ್ದವಳು ನನ್ನ ಮಗಳು ಗಿರಿಜೆ. ಆಕೆಗೆ ಮೂರು ವರ್ಷ. ಒಂದು ಸಲ ಕೊಟ್ಟರೆ ಸಾಲದು, “ಇನ್ನಷ್ಟು ಅಜ್ಜಿ” ಎನ್ನುವಳು. ಅಜ್ಜಿ ಇನ್ನಷ್ಟು ಕೊಡುವರು.

ಗಿರಿಜೆ ಎರಡೇ ದಿನ ಮಲಗಿದಳು. ಆಕೆಯನ್ನು ಮಣ್ಣಿಗೆ ಒಯ್ದ ಮೇಲೆ ನಾನು ಕೂತು ಮನೆಯ ಹಿತ್ತಾಳೆ ಪಾತ್ರೆಗಳನ್ನೆಲ್ಲ ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ಅಳು ಬರಲಿಲ್ಲ. ಇವತ್ತಿಗೂ ಬಂದಿಲ್ಲ.

ಮರುದಿನ ಹುಸೇನಪ್ಪನವರು ಬಂದರು. ಆವತ್ತು ಒಳಗೆ ಬರಬೇಡಿರೆಂದು ಯಾರೂ ಅನ್ನಲಿಲ್ಲ. ಒಂದೊಂದೇ ಪಾತ್ರೆಯ ನೀರು ತರಿಸಿ ನೋಡಿದರು. ಅಡುಗೆಮನೆಯ ಕೊಡ, ನೀಲಿ. ಬಚ್ಚಲ ಹಂಡೆ, ನೀಲಿ. ಕೊನೆಗೆ ಅತ್ತೆಯೇ ಪೂಜೆಯ ಹಂಡೆಯಿಂದ ನೀರು ತಂದು ಅವರ ಬಟ್ಟಲಿಗೆ ಹಾಕಿದರು. ನಾನು ಹುಸೇನಪ್ಪನವರ ಭುಜದ ಹಿಂದೆ ನಿಂತಿದ್ದೆ. ಎರಡು ಹನಿ ಬಿದ್ದವು. ಬಟ್ಟಲು ಬೆಳ್ಳಗೇ ಇತ್ತು.

“ನೀಲಿ ಬಂದೈತಿ,” ಎಂದರು ಹುಸೇನಪ್ಪನವರು.

ಬಟ್ಟಲನ್ನು ಕರಿಬೇವಿನ ಬುಡಕ್ಕೆ ಸುರಿದು, ಇನ್ನು ಮೇಲೆ ನೀರು ದಿನಾ ಹೊಸದಾಗಿ ತುಂಬಿರೆಂದು ಹೇಳಿ ಹೊರಟರು. ಅತ್ತೆ ಒಳಗೆ ಹೋದರು. ಅಂದಿನಿಂದ ನಾನು ತೀರ್ಥಕ್ಕೆ ಕೈಯೊಡ್ಡಲಿಲ್ಲ. ಅವರೂ ಒತ್ತಾಯ ಮಾಡಲಿಲ್ಲ.

ವರ್ಷದ ಮೇಲೆ, ಕೆಲಸ ಮುಗಿದು ದೇವನಕೊಂಡದ ಮಗಳ ಮನೆಗೆ ಹೋಗುವ ಮೊದಲು ಹುಸೇನಪ್ಪನವರು ಹೇಳಿ ಹೋಗಲು ಬಂದರು. ಕೋಟು ಇರಲಿಲ್ಲ, ಅದಿಲ್ಲದೆ ಅವರು ಬೇರೆ ಯಾರೋ ಎನ್ನಿಸಿತು. ಆವತ್ತು ಬಟ್ಟಲು ಬೆಳ್ಳಗೇ ಇದ್ದದ್ದನ್ನು ನೋಡಿದ್ದೆನೆಂದು ಹೇಳಿದೆ. ಅವರು ಬಾವಿಯ ಕಡೆ ತಿರುಗಿದರು.

“ನಿಮ್ಮತ್ತಿಯಾರೂ ನೋಡ್ಯಾರ,” ಎಂದರು. “ಇಬ್ಬರೂ ಒಂದ ಮನ್ಯಾಗ ಬಾಳೇವು ಮಾಡಬೇಕಲ್ರಿ ಅಮ್ಮಾರ. ಅದಕ್ಕ ಹಂಗ ಅಂದೆ.”

ಅದೇ ಕೊನೆ. ಅವರು ದೇವನಕೊಂಡದಲ್ಲೇ ತೀರಿಕೊಂಡರೆಂದು ಬಹಳ ವರ್ಷಗಳ ನಂತರ ಯಾರೋ ಹೇಳಿದರು.

ಅವರು ಬಂದು ಹೋದ ಮರುದಿನ ಬೆಳಿಗ್ಗೆ ಅತ್ತೆ ಪೂಜೆ ಮುಗಿಸಿ ಬಂದಾಗ ನಾನು ಕೈಯೊಡ್ಡಿದೆ. ಗಿಂಡಿ ಹಿಡಿದ ಅವರ ಕೈ ತಡೆಯಿತು, ಆಮೇಲೆ ಬಗ್ಗಿತು. ತೀರ್ಥ ಬಾಯಿಯ ಹತ್ತಿರ ತಂದೆ. ಪುಡಿಯ ವಾಸನೆ ಹೊಡೆಯುತ್ತಿತ್ತು.