ನೆತ್ತಿ ಇಲ್ಲದ ಕುಲಾವಿ

“ಆಯೀ, ನನಗೊಂದು ನೆತ್ತಿ ಇಲ್ಲದ ಕುಲಾವಿ ಹೆಣದು ಕೊಡು.”

ಮೊಮ್ಮಗಳು ರೇಣುಕಾ ಹೀಗೆ ಕೇಳಿದಾಗ ಅವಳ ಹಣೆ ಮುಟ್ಟಿ ನೋಡಿದೆ. ಜ್ವರ ಇರಲಿಲ್ಲ. ನಮ್ಮ ಮನೆಯಲ್ಲಿ ಹುಟ್ಟಿದ ಎಲ್ಲ ಕೂಸುಗಳಿಗೂ ಕುಲಾವಿ ಹೆಣೆದವಳು ನಾನು. ಎಳೆ ನೆತ್ತಿ ಬೆಚ್ಚಗಿರಲಿ ಅಂತಲೇ ಅಲ್ಲವೇ ಅದನ್ನು ಹಾಕುವುದು? ನೆತ್ತಿಯೇ ಇಲ್ಲದ್ದು ಯಾತಕ್ಕೆ?

ಮೊಬೈಲ್ ತೋರಿಸಿದಳು. ಯಾವುದೋ ಹಿಮದ ಊರಿನ ಹುಡುಗಿ. ಹಣೆ, ಕಿವಿ ಮುಚ್ಚುವ ದಪ್ಪ ಉಲ್ಲನ್ ಪಟ್ಟಿ. ಕೂದಲು ಮಾತ್ರ ಬೆನ್ನ ಮೇಲೆ ಆರಾಮಾಗಿ ಬಿದ್ದಿತ್ತು. ಹೆಡ್‌ಬ್ಯಾಂಡ್ ಅಂತೆ.

“ಸ್ಕಾರ್ಫ್ ಕಟ್ಕೊಳಾಕ ಏನ್ ಧಾಡಿ?” ಎಂದೆ.

“ಜಾರತೈತಿ. ಟೋಪಿ ಹಾಕಿದ್ರ ತುರುಬು ಅದನ್ನ ಎತ್ತಿ ಒಗೀತೈತಿ. ಮುಂಜಾನಿ ಬಸ್ಸಿನ್ಯಾಗ ಕಿವಿ ಸಿಡದು ಹೋಗ್ತಾವು. ಇದೂ ಆಗಲಿಲ್ಲಂದ್ರ ಕೂದಲಾ ಹೆಗಲ ತನಕ ಕತ್ತರಿಸಿಬಿಡಾಕಿ ನಾ.”

(ರೇಣುಕಾ ನರ್ಸಿಂಗ್ ಓದುತ್ತಾಳೆ. ತಳಕಲ್‌ನಿಂದ ಕೊಪ್ಪಳಕ್ಕೆ ದಿನಾ ಮೊದಲ ಬಸ್ಸು.)

ಒಳಗೆ ರೊಟ್ಟಿ ಬಡಿಯುವ ಸದ್ದು ಗಕ್ಕನೆ ನಿಂತಿತು. ಸೊಸೆ ಹಿಟ್ಟಿನ ಕೈಯಲ್ಲೇ ಓಡಿ ಬಂದಳು.

“ಅತ್ತೀ, ನಿಮ್ಮ ಕಾಲಿಗೆ ಬೀಳ್ತೀನ್ರಿ, ಅದೇನ್ ಕೇಳ್ತಾಳೋ ಹೆಣದು ಕೊಡ್ರಿ. ಮೊಣಕಾಲು ಮುಟ್ಟೂ ಜಡಿ! ನಾಳೆ ಹೆಣ್ಣು ನೋಡಾಕ ಬಂದೋರು ಏನಂತಾರ?”

ನನಗೆ ಜಡೆಯ ಚಿಂತೆ ಇರಲಿಲ್ಲ. ಕೂದಲು ತಾನೆ, ಮತ್ತೆ ಬೆಳೆಯುತ್ತದೆ. ಆದರೆ ನೆತ್ತಿ ಬಿಟ್ಟು ಬರೀ ಕಿವಿ ಮುಚ್ಚಿದರೆ ಚಳಿ ತಡೆಯುತ್ತದೆಯೇ? ಅದನ್ನು ನೋಡಬೇಕಿತ್ತು. ಕಡ್ಡಿ, ಉಲ್ಲನ್ ಹಿಡಿದು ಕುಳಿತೆ.

ಶುಕ್ರವಾರ ರೇಣುಕಾ ತಲೆಗೆ ನೀರು ಎರೆದುಕೊಂಡು, ಕೂದಲು ಹರವಿಕೊಂಡು ಬಿಸಿಲಿಗೆ ಕೂತಾಗ ತಲೆಗೆ ದಾರ ಸುತ್ತಿ ಅಳತೆ ತೆಗೆದೆ. ಹೆಣೆದೆ. ತುದಿ ಕೂಡಿಸಿ ಹೊಲಿದೆ. ಛಲೋ ಕೂತಿತು.

ಸೋಮವಾರ ಎಣ್ಣೆ ಹಚ್ಚಿ, ಬಿಗಿಯಾಗಿ ಹೆರಳು ಹಾಕಿಕೊಂಡು ಹೋದಳು. ಸಂಜೆ ಬಂದವಳೇ ಪಟ್ಟಿಯನ್ನು ನನ್ನ ಮಡಿಲಿಗೆ ಒಗೆದಳು.

“ಬಸ್ಸು ಬರೂದ್ರಾಗ ಕೊರಳಿಗೆ ಇಳದಿತ್ತು. ಎತ್ತಿಗೆ ಗೆಜ್ಜಿಸರ ಕಟ್ಟಿದಂಗ! ಯವ್ವಾ, ಕತ್ತರಿ ಎಲ್ಲೈತಿ?”

ಸೊಸೆ ಕತ್ತರಿಯನ್ನು ಮೊದಲೇ ಅಡಗಿಸಿಟ್ಟಿದ್ದಳು.

ಪಟ್ಟಿ ಹಿಡಿದುಕೊಂಡು ಯೋಚಿಸಿದೆ. ಎರೆದುಕೊಂಡ ದಿನ ಕೂದಲು ಉಬ್ಬಿರುತ್ತದೆ, ಎಣ್ಣೆ ಹಚ್ಚಿದ ದಿನ ತಲೆಗೆ ಅಂಟಿರುತ್ತದೆ. ಒಂದೇ ಹುಡುಗಿಗೆ ಎರಡು ಅಳತೆಯ ತಲೆ! ಕೂಸಿನ ಬೋಳು ತಲೆಗೆ ಹೆಣೆದವಳಿಗೆ ಇದು ಹೇಗೆ ಹೊಳೆಯಬೇಕು, ನೀವೇ ಹೇಳಿ.

ಹೊಲಿಗೆ ಬಿಚ್ಚಿದೆ. ತುದಿಗಳನ್ನು ಸಣ್ಣ ಮಾಡಿ, ಜಡೆಯ ಕೆಳಗೆ, ಕತ್ತಿನ ಹಿಂದೆ ಕೂಡುವಂತೆ ಎರಡು ಗುಂಡಿ ಇಟ್ಟೆ. ಎರೆದುಕೊಂಡ ದಿನಕ್ಕೊಂದು, ಎಣ್ಣೆಯ ದಿನಕ್ಕೊಂದು.

ಮರುದಿನ ಸಂಜೆ ಬಾಗಿಲಲ್ಲೇ ಕೇಳಿದೆ, “ನಿಂತಿತೇನs?”

“ನಿಂತೈತಿ. ಕಿಡಕಿ ಬಾಜೂ ಕುಂತು ನಿದ್ದಿ ಹೊಡದೆ.”

“ನೆತ್ತಿಗೆ ಚಳಿ?”

“ಇಷ್ಟ ಕೂದಲಾ ಹೊತ್ತೀನಲ್ಲ ಆಯೀ, ನೆತ್ತಿಗೆ ಅದs ಕಂಬಳಿ.”

ಹೌದಲ್ಲ! ಇಷ್ಟು ವಯಸ್ಸಾಯಿತು, ನನಗಿದು ಗೊತ್ತಿರಲಿಲ್ಲ.

ಸೊಸೆ ದೇವರಿಗೆ ದೀಪ ಹಚ್ಚಿದಳು. “ಜಡಿ ಉಳೀತ್ರಿ ಅತ್ತೀ, ಅಷ್ಟ ಸಾಕು.” ಪಕ್ಕದ ಮನೆಯವರೂ ಬಂದು ಜಡೆ ಉಳಿಯಿತಲ್ಲ ಎಂದು ಸಂತೋಷಪಟ್ಟು, ಚಹಾ ಕುಡಿದು ಹೋದರು.

ಹೋದ ವರ್ಷದ ಚಳಿಯಲ್ಲೂ ಈ ಹುಡುಗಿ ಕಿವಿ ನೋವು ಅಂದಿದ್ದಳು. ಕತ್ತರಿ ಕೇಳುವ ತನಕ ಆಕೆಗೆ ಕಿವಿಗಳಿವೆ ಅನ್ನುವುದು ನಮಗ್ಯಾರಿಗೂ ಯಾಕೆ ಕಾಣಲಿಲ್ಲ?